ತುಕ್ಕು ಹಿಡಿಯಲಿ ಅಂತಲೇ ಬಿಟ್ಟ ಉಕ್ಕು

ಲೋಹದಲ್ಲಿ ಶಿಲ್ಪ ಮಾಡುವವರಿಗೆ ತುಕ್ಕು ಅಂದರೆ ತಲೆನೋವು. ಉಜ್ಜು, ಪ್ರೈಮರ್ ಹೊಡಿ, ಮೇಲೆ ಬಣ್ಣ ಬಳಿ. ನನ್ನ ಅರ್ಧ ದಿನ ಹೋಗುವುದೇ ಇದರಲ್ಲಿ. ಶಿಲ್ಪಿ ಜೂಲಿಯನ್ ಫಾಸ್-ಆಂಡ್ರೇ ಮಾತ್ರ ತುಕ್ಕನ್ನೇ ಕೆಲಸಕ್ಕೆ ಹಚ್ಚಿದರು.

ಅವರ ‘ಹಾರ್ಟ್ ಆಫ್ ಸ್ಟೀಲ್’ ರಕ್ತದಲ್ಲಿರುವ ಹಿಮೊಗ್ಲೋಬಿನ್ ಅಣುವಿನ ಆಕಾರದ ಶಿಲ್ಪ. 2005ರಲ್ಲಿ ಅಮೆರಿಕದ ಆರೆಗನ್ ರಾಜ್ಯದ ಲೇಕ್ ಆಸ್ವೀಗೊದಲ್ಲಿ ನಿಂತಿತು. ಮೊದಲು ಹೊಳೆಯುತ್ತಿದ್ದ ಉಕ್ಕು ಮಳೆ, ಗಾಳಿಗೆ ಕೆಲವೇ ತಿಂಗಳಲ್ಲಿ ಕೆಂಪಗಾಯಿತು. ಕಬ್ಬಿಣ ಆಮ್ಲಜನಕದ ಜೊತೆ ಸೇರಿದರೆ ತುಕ್ಕು. ರಕ್ತದಲ್ಲೂ ಆಮ್ಲಜನಕವನ್ನು ಹಿಡಿಯುವುದು ಹಿಮೊಗ್ಲೋಬಿನ್‌ನ ಕಬ್ಬಿಣವೇ ಅಲ್ವಾ? ನನ್ನದೊಂದು ಸಣ್ಣ ತಕರಾರಿದೆ. ಹಿಮೊಗ್ಲೋಬಿನ್ ಹಿಡಿದ ಆಮ್ಲಜನಕವನ್ನು ವಾಪಸ್ ಬಿಡುತ್ತದೆ, ತುಕ್ಕು ಬಿಡುವುದಿಲ್ಲ. ಆದರೂ ಅಣುವಿನ ಮಾದರಿಯನ್ನು ಸುಮ್ನೆ ದೊಡ್ಡದು ಮಾಡಿ ಪಾರ್ಕಿನಲ್ಲಿ ನಿಲ್ಲಿಸುವವರೇ ಜಾಸ್ತಿ ಇರುವಾಗ, ಇಲ್ಲಿ ಲೋಹವೇ ಏನೋ ಮಾಡುತ್ತಿದೆ.

ಫಾಸ್-ಆಂಡ್ರೇ ಹುಟ್ಟಿದ್ದು 1970ರಲ್ಲಿ, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಓದಿದ್ದು ಭೌತಶಾಸ್ತ್ರ. 60 ಇಂಗಾಲದ ಪರಮಾಣುಗಳಿರುವ, ಫುಟ್‌ಬಾಲ್‌ನಂಥ ಅಣು ಕೂಡ ಅಲೆಯ ಹಾಗೆ ವರ್ತಿಸುತ್ತದೆ ಎಂದು 1999ರಲ್ಲಿ ತೋರಿಸಿದ ವಿಯೆನ್ನಾದ ತಂಡದಲ್ಲಿ ಅವರಿದ್ದರು. ಆಮೇಲೆ ಅಮೆರಿಕಕ್ಕೆ ಹೋಗಿ, ಪೋರ್ಟ್‌ಲ್ಯಾಂಡ್‌ನಲ್ಲಿ ಕಲೆ ಕಲಿತು, 2004ರಲ್ಲಿ ಪದವಿ ಪಡೆದರು.

2006ರ ‘ಕ್ವಾಂಟಮ್ ಮ್ಯಾನ್’ನಲ್ಲಿ ಆ ಪ್ರಯೋಗದ ನೆನಪಿದೆ. ನಡೆಯುತ್ತಿರುವ ಮನುಷ್ಯ, ಸುಮಾರು ಎರಡೂವರೆ ಮೀಟರ್ ಎತ್ತರ. ನೂರಕ್ಕೂ ಹೆಚ್ಚು ಉಕ್ಕಿನ ತಗಡುಗಳನ್ನು ನಡುವೆ ಸಂದು ಬಿಟ್ಟು ಒಂದರ ಹಿಂದೊಂದು ನಿಲ್ಲಿಸಿದ್ದಾರೆ. ಎದುರಿನಿಂದ ಗಟ್ಟಿ ಆಳು. ಪಕ್ಕಕ್ಕೆ ಬಂದರೆ ತಗಡಿನ ಅಂಚುಗಳಷ್ಟೇ ಕಾಣುತ್ತವೆ, ಆಳು ಹೆಚ್ಚುಕಡಿಮೆ ಮಾಯ.

ಕೈಕೆಲಸದ ದೃಷ್ಟಿಯಿಂದ ನನಗೆ ಹೆಚ್ಚು ಇಷ್ಟವಾಗುವುದು ಅವರ ಪ್ರೋಟೀನ್ ಶಿಲ್ಪಗಳು. ಬಾಗಿಸುವ ಯಂತ್ರ ಬೇಡ, ಓರೆ ಕಟ್ ಸಾಕು. ಒಂದು ಪೈಪನ್ನು 20 ಡಿಗ್ರಿ ಓರೆಯಾಗಿ ಕತ್ತರಿಸಿ. ಒಂದು ತುಂಡನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಜೋಡಿಸಿ. 40 ಡಿಗ್ರಿ ತಿರುವು ಬಂತು. ಮುಂದಿನ ಕಟ್‌ಗೆ ಮುಂಚೆ ಪೈಪನ್ನು ಸ್ವಲ್ಪ ಹೊರಳಿಸಿಕೊಂಡರೆ ತಿರುವಿನ ದಿಕ್ಕು ಬದಲಾಗುತ್ತದೆ. ಪ್ರತಿ ಸಲ ಅಷ್ಟಷ್ಟೇ ಹೊರಳಿಸಿದರೆ ಸುರುಳಿ ಏಳುತ್ತದೆ. ಪ್ರೋಟೀನ್‌ನ ಆಲ್ಫಾ ಸುರುಳಿ ಹೀಗೇ, ಒಂದು ಸುತ್ತಿನಲ್ಲಿ ಸರಪಳಿಯ 3.6 ಕೊಂಡಿ, ಅಂದರೆ ಅಮೈನೊ ಆಮ್ಲ. ಹೇಳುವುದು ಸುಲಭ. ನಾನು ಮಾಡಿ ನೋಡಿದಾಗ ಒಂದೊಂದು ಬೆಸುಗೆಗೆ ಒಂದು ಡಿಗ್ರಿ ತಪ್ಪಿತ್ತು ಅಷ್ಟೇ. ಹದಿನೈದನೇ ತುಂಡಿನ ಹೊತ್ತಿಗೆ ಸುರುಳಿ ಗೋಡೆ ಕಡೆಗೆ ವಾಲಿಕೊಂಡಿತ್ತು.

ಇಂಥದೊಂದು ಕೆಂಪು ಸುರುಳಿ ಪೋರ್ಟ್‌ಲ್ಯಾಂಡ್‌ನಲ್ಲಿ ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್ ಬಾಲ್ಯ ಕಳೆದ ಮನೆಯ ಮುಂದೆ ನಿಂತಿದೆ. ಆಲ್ಫಾ ಸುರುಳಿಯ ರಚನೆ ಪಾಲಿಂಗ್‌ಗೆ ಹೊಳೆದದ್ದು 1948ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ. ನೆಗಡಿ ಹಿಡಿದು ಮಲಗಿದ್ದರು. ಹೊತ್ತು ಹೋಗದೆ ಕಾಗದದ ಮೇಲೆ ಪ್ರೋಟೀನ್ ಸರಪಳಿ ಬರೆದು, ಮಡಚುತ್ತಾ ಕೂತರು.