ಎರಡು ನಿಮಿಷದ ರೌಂಡ್, ಲೆಕ್ಕಕ್ಕೆ ಸಿಗದ ಏಟು

ಬಾಕ್ಸಿಂಗ್ ರಿಂಗ್ ಪಕ್ಕ ಕೂರುವ ಡಾಕ್ಟರ್ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ಹೆಂಗಸರಿಗೆ ಯಾಕೆ ರೌಂಡ್ ಎರಡೇ ನಿಮಿಷ? ಪ್ರಶ್ನೆ ಸರಿಯಾಗಿಯೇ ಇದೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಗಂಡಸರ ವಿಶ್ವ ಪಟ್ಟದ ಪಂದ್ಯ ಅಂದರೆ ಮೂರು ನಿಮಿಷದ 12 ರೌಂಡ್, ಒಟ್ಟು 36 ನಿಮಿಷ. ಹೆಂಗಸರದ್ದು ಸಾಮಾನ್ಯವಾಗಿ ಎರಡು ನಿಮಿಷದ 10 ರೌಂಡ್, 20 ನಿಮಿಷಕ್ಕೆ ಮುಗಿಯುತ್ತದೆ. ತಮಾಷೆ ಏನೆಂದರೆ, ಒಲಿಂಪಿಕ್ಸ್‌ನಲ್ಲಿ ಇದೇ ಹುಡುಗಿ ಗಂಡಸರ ಹಾಗೆಯೇ ಮೂರು ನಿಮಿಷದ ಮೂರು ರೌಂಡ್ ಆಡಿರುತ್ತಾಳೆ. ಅಲ್ಲಿ ಪದಕ ಗೆದ್ದು, ಹೆಡ್‌ಗಾರ್ಡ್ ತೆಗೆದಿಟ್ಟು, ದುಡ್ಡಿಗಾಗಿ ರಿಂಗ್ ಹತ್ತಿದ ದಿನ ಅವಳ ರೌಂಡ್ ಒಂದು ನಿಮಿಷ ಕುಗ್ಗುತ್ತದೆ!

ಹೆಂಗಸರಿಗೆ ತಲೆಗೆ ಪೆಟ್ಟಾಗಿ ಕನ್‌ಕಷನ್, ಅಂದರೆ ಮೆದುಳು ಅಲುಗಿ ಅದರ ಕೆಲಸ ಏರುಪೇರು, ಆಗುವ ಅಪಾಯ ಜಾಸ್ತಿ, ಅದಕ್ಕೇ ಸಮಯ ಕಮ್ಮಿ ಎನ್ನುತ್ತದೆ ಡಬ್ಲ್ಯೂಬಿಸಿ. ವಿಶ್ವ ಪಟ್ಟದ ಬೆಲ್ಟ್ ಕೊಡುವ ನಾಲ್ಕು ದೊಡ್ಡ ಸಂಸ್ಥೆಗಳಲ್ಲಿ ಅದೂ ಒಂದು. 2023ರ ಅಕ್ಟೋಬರ್‌ನಲ್ಲಿ ವಿಶ್ವ ಚಾಂಪಿಯನ್ ಅಮಾಂಡಾ ಸೆರಾನೊ ಅಮೆರಿಕದ ಒರ್ಲ್ಯಾಂಡೊದಲ್ಲಿ ಡನಿಲಾ ರಾಮೋಸ್ ವಿರುದ್ಧ ಹಟ ಹಿಡಿದು ಮೂರು ನಿಮಿಷದ 12 ರೌಂಡ್ ಆಡಿ ಗೆದ್ದರು. ಉಳಿದ ಮೂರು ಸಂಸ್ಥೆಗಳು ಒಪ್ಪಿದವು, ಡಬ್ಲ್ಯೂಬಿಸಿ ಒಪ್ಪಲಿಲ್ಲ. ಸೆರಾನೊ ಆ ಬೆಲ್ಟನ್ನೇ ಬಿಟ್ಟುಕೊಟ್ಟರು. ಆದರೆ ಮರುವರ್ಷ ಐರ್ಲೆಂಡ್‌ನ ಚಾಂಪಿಯನ್ ಕೇಟಿ ಟೇಲರ್ ಎದುರು ಅದೇ ಸೆರಾನೊ ಆಡಿದ್ದು ಮತ್ತೆ ಎರಡು ನಿಮಿಷದ ರೌಂಡ್‌ಗಳನ್ನೇ.

ಡಬ್ಲ್ಯೂಬಿಸಿಯ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಸರಾಸರಿ ನೋಡಿದರೆ ಹೆಂಗಸರ ಕುತ್ತಿಗೆ ಸಣ್ಣ, ಅಲ್ಲಿನ ಸ್ನಾಯುಗಳ ಬಲವೂ ಕಮ್ಮಿ. ಅಷ್ಟೇ ಜೋರಿನ ಏಟಿಗೆ ತಲೆ ಹೆಚ್ಚು ಅಲುಗುತ್ತದೆ, ಒಳಗಿನ ಮೆದುಳೂ ಅಲುಗುತ್ತದೆ. ಫುಟ್ಬಾಲ್‌ನಂಥ ಆಟಗಳಲ್ಲೂ ಹುಡುಗಿಯರಲ್ಲಿ ಕನ್‌ಕಷನ್ ಜಾಸ್ತಿ ಕಂಡಿದೆ. ಆದರೆ ಬಾಕ್ಸಿಂಗ್‌ನಲ್ಲಿ ಎದುರು ನಿಂತು ಹೊಡೆಯುವವಳೂ ಹೆಣ್ಣೇ ಅಲ್ವಾ? ಅವಳ ಪಂಚಿನ ಬಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇನ್ನೊಂದು ವಿಷಯ, ರೌಂಡ್ ಚಿಕ್ಕದಾದರೆ ಆಟದ ವೇಗ ಏರುತ್ತದೆ. ಎರಡೇ ನಿಮಿಷ ಇರುವಾಗ ಯಾರೂ ದೂರ ನಿಂತು ಅಂದಾಜು ಹಾಕುವುದಿಲ್ಲ, ಗಂಟೆ ಬಾರಿಸಿದ ಕೂಡಲೇ ಮೇಲೆ ಬೀಳುತ್ತಾರೆ. ಎದುರಾಳಿ ತತ್ತರಿಸುವ ಹೊತ್ತಿಗೆ ರೌಂಡ್ ಮುಗಿದಿರುತ್ತದೆ. ಹಾಗಾಗಿ ನಾಕೌಟ್ ಕಮ್ಮಿ. ನಾಕೌಟ್ ಇಲ್ಲ ಅಂತ ಹೆಂಗಸರ ಪಂದ್ಯದಲ್ಲಿ ದಮ್ಮಿಲ್ಲ ಅನ್ನುತ್ತಾರೆ, ದಮ್ಮಿಲ್ಲ ಅಂತ ಹಣವೂ ಕಮ್ಮಿ ಕೊಡುತ್ತಾರೆ.

ನನ್ನ ನಿಜವಾದ ತಕರಾರು ಬೇರೆ. ಈ ಚರ್ಚೆಯಲ್ಲಿ ಎಲ್ಲರೂ ಪಂದ್ಯದ ನಿಮಿಷಗಳನ್ನು ಮಾತ್ರ ಎಣಿಸುತ್ತಾರೆ. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಒಬ್ಬಳು ವರ್ಷಕ್ಕೆ ನಾಲ್ಕು ಪಂದ್ಯ ಆಡಿದಳು ಅಂತಿಟ್ಟುಕೊಳ್ಳಿ. ನಾಲ್ಕೂ ಕೊನೆಯ ರೌಂಡ್‌ವರೆಗೆ ಹೋದರೂ ಒಟ್ಟು 80 ನಿಮಿಷ. ಪ್ರತಿ ಪಂದ್ಯಕ್ಕೂ ಮೊದಲು ಎಂಟು ವಾರದ ತಯಾರಿ, ವಾರಕ್ಕೆ ಮೂರು ದಿನ ಸ್ಪಾರಿಂಗ್ (ಜಿಮ್‌ನಲ್ಲಿ ಅಭ್ಯಾಸಕ್ಕೆ ಆಡುವ ಬಾಕ್ಸಿಂಗ್), ದಿನಕ್ಕೆ ಆರು ರೌಂಡ್ ಅಂದರೆ 144 ರೌಂಡ್. ಎರಡೇ ನಿಮಿಷದ ರೌಂಡ್ ಎಂದುಕೊಂಡರೂ 288 ನಿಮಿಷ. ನಾಲ್ಕು ಪಂದ್ಯಕ್ಕೆ ಸೇರಿಸಿದರೆ 19 ಗಂಟೆ ದಾಟುತ್ತದೆ. ರಿಂಗ್‌ನಲ್ಲಿ 80 ನಿಮಿಷ, ಜಿಮ್‌ನಲ್ಲಿ 19 ಗಂಟೆ. ಮೊದಲನೆಯದಕ್ಕೆ ರೆಫರಿ, ಡಾಕ್ಟರ್, ಆಂಬುಲೆನ್ಸ್ ಎಲ್ಲ ಇರುತ್ತದೆ. ಎರಡನೆಯದಕ್ಕೆ ಎಷ್ಟೋ ಕಡೆ ಕೋಚ್ ಬಿಟ್ಟರೆ ಯಾರೂ ಇರುವುದಿಲ್ಲ.

ಸ್ಪಾರಿಂಗ್‌ನಲ್ಲಿ ಗ್ಲೌಸ್ ದಪ್ಪ, ತಲೆಗೆ ಹೆಡ್‌ಗಾರ್ಡ್ ಬೇರೆ ಇರುತ್ತದೆ, ಏನಾಗುತ್ತೆ ಬಿಡಿ ಅಂತ ಕೇಳುವವರಿದ್ದಾರೆ. ಹೆಡ್‌ಗಾರ್ಡ್ ಹುಬ್ಬು ಸೀಳುವುದನ್ನು ತಪ್ಪಿಸುತ್ತದೆ, ಒಳಗೆ ಮೆದುಳು ಅಲುಗುವುದನ್ನು ತಡೆಯುವುದಿಲ್ಲ. ಅದರಲ್ಲೂ ಹೆಂಗಸರಿಗೆ ಒಂದು ವಿಶೇಷ ಕಷ್ಟ ಇದೆ. ಬಹಳಷ್ಟು ಜಿಮ್‌ಗಳಲ್ಲಿ ಅವಳ ತೂಕದ, ಅವಳ ಮಟ್ಟದ ಇನ್ನೊಬ್ಬ ಹೆಣ್ಣು ಇರುವುದಿಲ್ಲ. ಆಗ ಗಂಡಸರ ಜೊತೆಗೇ ಸ್ಪಾರಿಂಗ್. ಅನುಭವ ಇರುವ ಗಂಡಸು ಕೈ ಹಿಡಿತದಲ್ಲಿಟ್ಟು ಆಡುತ್ತಾನೆ, ಅವನಿಂದ ಕಲಿಯುವುದೂ ಬಹಳ ಇರುತ್ತದೆ. ನನಗೆ ಭಯ ಆಗುವುದು ಹದಿನೆಂಟರ ಹುಡುಗರನ್ನು ಕಂಡರೆ. ಸ್ನೇಹಿತರ ಮುಂದೆ ಹುಡುಗಿಯ ಕೈಯಲ್ಲಿ ಒಂದು ಚೆನ್ನಾದ ಏಟು ತಿಂದ ಮೇಲೆ ಅವರು ಆಡುವುದು ಸ್ಪಾರಿಂಗ್ ಆಗಿರುವುದಿಲ್ಲ!

ಇದೆಲ್ಲ ನನ್ನ ಕಿವಿಗೆ ಬೀಳುವುದು ಕಷ್ಟ. ಪರೀಕ್ಷೆಗೆ ಬಂದ ಬಾಕ್ಸರ್‌ನ್ನು ತಲೆನೋವು ಇದೆಯಾ ಅಂತ ಕೇಳಿದರೆ ಇಲ್ಲ ಅನ್ನುತ್ತಾಳೆ. ಹೂಂ ಅಂದರೆ ಪಂದ್ಯ ಹೋಯಿತು, ದುಡ್ಡೂ ಹೋಯಿತು. ಹಾಗಾಗಿ ಸುತ್ತಿಬಳಸಿ ಕೇಳುತ್ತೇನೆ. ನಿದ್ದೆ ಹೇಗಿದೆ? ಮೊಬೈಲ್ ಬೆಳಕು ಕಣ್ಣಿಗೆ ಚುಚ್ಚುತ್ತಾ? ಹೇಳಿದ್ದನ್ನೇ ಹೇಳ್ತೀಯ ಅಂತ ಮನೆಯಲ್ಲಿ ಯಾರಾದರೂ ಅಂದ್ರಾ? ಕೊನೆಯ ಪ್ರಶ್ನೆಗೆ ಕೆಲವರು ನಗುತ್ತಾರೆ, ಕೆಲವರು ಕೋಚ್ ಮುಖ ನೋಡುತ್ತಾರೆ.

ಇನ್ನು ಪಂದ್ಯಕ್ಕೆ ಎದುರಾಳಿಗಳ ಜೋಡಿ ಹಾಕುವ ವಿಷಯ. ಅಮೆರಿಕದ ಕ್ಲಾರೆಸಾ ಶೀಲ್ಡ್ಸ್ 2012ರಲ್ಲಿ, 17ನೇ ವಯಸ್ಸಿಗೇ ಒಲಿಂಪಿಕ್ ಚಿನ್ನ ಗೆದ್ದವರು. ಹೆಂಗಸರ ಬಾಕ್ಸಿಂಗ್ ಒಲಿಂಪಿಕ್ಸ್‌ಗೆ ಬಂದಿದ್ದೇ ಆ ವರ್ಷ. ವೃತ್ತಿಪರರಾದ ಮೇಲೆ ಅವರು ತಮ್ಮ ನಾಲ್ಕನೇ ಪಂದ್ಯದಲ್ಲೇ ವಿಶ್ವ ಪಟ್ಟ ಗೆದ್ದರು, ಕೇಟಿ ಟೇಲರ್ ಏಳನೆಯದರಲ್ಲಿ. ಇಬ್ಬರ ಸಾಮರ್ಥ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಒಂದೊಂದು ತೂಕದಲ್ಲಿ ಆಡುವವರೇ ಕಮ್ಮಿ ಇರುವಾಗ ಮೆಟ್ಟಿಲು ಹತ್ತಿ ಬರಲು ಮೆಟ್ಟಿಲುಗಳೇ ಇರುವುದಿಲ್ಲ. ಮೇಲಿನವಳು ಬೇಗ ಶಿಖರ ಮುಟ್ಟುತ್ತಾಳೆ. ಕೆಳಗಿನವಳಿಗೆ ಮೂರು ನಾಲ್ಕು ಪಂದ್ಯ ಆಗುವಷ್ಟರಲ್ಲಿ ತನಗಿಂತ ಎಷ್ಟೋ ಮುಂದಿರುವವಳು ಎದುರಾಗುತ್ತಾಳೆ.

2021ರ ಆಗಸ್ಟ್‌ನಲ್ಲಿ ಮಾಂಟ್ರಿಯಲ್‌ನ ಒಂದು ಪಂದ್ಯದಲ್ಲಿ ಮೆಕ್ಸಿಕೊದ ಜೀನೆಟ್ ಝಕಾರಿಯಾಸ್ ಝಪಾಟಾ ನಾಲ್ಕನೇ ರೌಂಡ್‌ನಲ್ಲಿ ಕುಸಿದರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ವಯಸ್ಸು 18. ಅದೇ ವರ್ಷದ ಮೇ ತಿಂಗಳಲ್ಲೂ ಅವರು ನಾಕೌಟ್ ಆಗಿದ್ದರು. ನಾಕೌಟ್ ಆದವರಿಗೆ ಹಲವು ಕಡೆ 60 ಅಥವಾ 90 ದಿನ ಪಂದ್ಯ ಆಡಬಾರದೆಂಬ ನಿಯಮ ಇದೆ. ಆ ದಿನಗಳು ಕ್ಯಾಲೆಂಡರ್‌ನಲ್ಲಿ ಮುಗಿದವು ಅಂದಮಾತ್ರಕ್ಕೆ ಮೆದುಳು ಸುಧಾರಿಸಿತು ಅಂತ ಅರ್ಥವಲ್ಲ. ಆ ಅವಧಿಯಲ್ಲಿ ಸ್ಪಾರಿಂಗ್ ಕೂಡ ಮಾಡಬಾರದು. ಮಾಡಿದರೆ ತಿಳಿಯುವುದಾದರೂ ಹೇಗೆ?

ತೂಕದ ಮಾತಿಗೆ ಬಂದರೆ, ಇಲ್ಲಿ ಮುಟ್ಟಿನ ವಿಷಯ ಎತ್ತಲೇಬೇಕು. 1998ರಲ್ಲಿ ಬ್ರಿಟನ್‌ನ ಜೇನ್ ಕೌಚ್ ವೃತ್ತಿಪರ ಲೈಸೆನ್ಸ್‌ಗಾಗಿ ಕೇಸ್ ನಡೆಸಿ ಗೆದ್ದರು. ಮುಟ್ಟಿನ ಹಿಂದಿನ ದಿನಗಳಲ್ಲಿ ಹೆಂಗಸರ ಮನಸ್ಸು ಸ್ಥಿಮಿತದಲ್ಲಿರುವುದಿಲ್ಲ ಅನ್ನುವುದು ಅಲ್ಲಿನ ಬಾಕ್ಸಿಂಗ್ ಮಂಡಳಿಯ ಒಂದು ವಾದವಾಗಿತ್ತು. ಇಂಥ ವಾದಗಳಿಂದಲೇ ಇರಬೇಕು, ಬಾಕ್ಸರ್‌ಗಳು ಈಗಲೂ ಈ ಮಾತು ಎತ್ತಲು ಹಿಂಜರಿಯುತ್ತಾರೆ. ಮನಸ್ಸಿನ ಕತೆ ಬಿಡಿ, ನನಗೆ ಬೇಕಾಗಿರುವುದು ನೀರಿನ ಲೆಕ್ಕ. ಮುಟ್ಟಿಗೆ ಮೊದಲು ಕೆಲವರ ಮೈಯಲ್ಲಿ ನೀರು ನಿಂತು ತೂಕ ಒಂದೆರಡು ಕಿಲೋ ಏರುತ್ತದೆ. ಪಂದ್ಯದ ತಾರೀಕು ಆ ದಿನಗಳಲ್ಲೇ ಬಿದ್ದರೆ ತನ್ನ ವಿಭಾಗದ ತೂಕದೊಳಗೆ ಬರಲು ಬೆವರಿಳಿಸಿ, ನೀರು ಬಿಟ್ಟು ಅಷ್ಟನ್ನೂ ಇಳಿಸಬೇಕು. ತೂಕ ಹಾಕುವುದು ಸಾಮಾನ್ಯವಾಗಿ ಹಿಂದಿನ ದಿನ. ಮಾರನೆ ದಿನದ ಹೊತ್ತಿಗೆ ಮುಖಕ್ಕೆ ಕಳೆ ಬಂದಿರುತ್ತದೆ, ಆದರೆ ದೇಹ ಪೂರ್ತಿ ಸರಿಹೋಗಿರುವುದಿಲ್ಲ. ಅಂಥ ಸ್ಥಿತಿಯಲ್ಲಿ ತಲೆಗೆ ಏಟು ಬೀಳುವುದು ನನ್ನಂಥವರಿಗೆ ಬೇಡವೇ ಬೇಡ.

ತಿಂಗಳುಗಟ್ಟಲೆ ಮುಟ್ಟೇ ನಿಂತುಹೋದರೆ ಕೆಲವು ಕೋಚ್‌ಗಳು ಒಳ್ಳೆಯದೇ ಆಯ್ತು, ತಯಾರಿಗೆ ಅಡ್ಡಿ ಇಲ್ಲ ಅಂದುಕೊಳ್ಳುತ್ತಾರೆ. ಗರ್ಭ ಅಲ್ಲ ಅಂತ ಖಾತ್ರಿಯಾದ ಮೇಲೆ ನಾನು ಮೊದಲು ಕೇಳುವುದು ಊಟದ ಬಗ್ಗೆ. ಮಾಡುವ ಕೆಲಸಕ್ಕೆ ತಿನ್ನುವುದು ಸಾಲದಿದ್ದರೆ ದೇಹ ಮೊದಲು ಕೈಬಿಡುವ ಕೆಲಸಗಳಲ್ಲಿ ಇದೂ ಒಂದು. ಹಿಂದೆಯೇ ಮೂಳೆ ಸವೆಯುತ್ತದೆ. ಪಾದದ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಾಗ ಎಲ್ಲರೂ ಶೂ ಬದಲಿಸುತ್ತಾರೆ.

ಹಣದ ವಿಷಯ ಬೇಗ ಹೇಳಿಬಿಡುತ್ತೇನೆ. 2022ರಲ್ಲಿ ಟೇಲರ್ ಮತ್ತು ಸೆರಾನೊ ನ್ಯೂಯಾರ್ಕ್‌ನ ಹೆಸರಾಂತ ಕ್ರೀಡಾಂಗಣ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಮುಖ್ಯ ಪಂದ್ಯ ಆಡಿದರು. ಇಬ್ಬರಿಗೂ ಹತ್ತು ಲಕ್ಷ ಡಾಲರ್‌ಗಿಂತ ಜಾಸ್ತಿ ಸಿಕ್ಕಿತು ಎಂದು ವರದಿಯಾಯಿತು. ಅದು ಮೇಲಿನ ಹಿಡಿಯಷ್ಟು ಜನರ ಕತೆ. ಸಣ್ಣ ಪಂದ್ಯಗಳಲ್ಲಿ ಬಾಕ್ಸರ್ ತಾನೇ ಟಿಕೆಟ್ ಮಾರಬೇಕು. ಬಂದಿದ್ದರಲ್ಲಿ ಮ್ಯಾನೇಜರ್‌ಗೆ ಪಾಲು, ಕೋಚ್‌ಗೆ ಸಾಮಾನ್ಯವಾಗಿ ನೂರಕ್ಕೆ ಹತ್ತು. ಅದಕ್ಕೇ ಬೇರೆ ಕೆಲಸ ಬಿಡುವ ಹಾಗಿಲ್ಲ. ಅದಕ್ಕೇ, ಯಾರೋ ಗಾಯಗೊಂಡು ಹಿಂದೆ ಸರಿದಾಗ ಹತ್ತು ದಿನ ಮೊದಲು ಬರುವ ಫೋನ್‌ಗೆ ಇಲ್ಲ ಅನ್ನಲು ಆಗುವುದಿಲ್ಲ. ನನ್ನ ಅನುಭವದಲ್ಲಿ ಕೆಟ್ಟ ತೂಕ ಇಳಿಕೆ, ಕೆಟ್ಟ ಜೋಡಿ, ಕೆಟ್ಟ ಏಟು ಮೂರೂ ಒಟ್ಟಿಗೆ ಸೇರುವುದು ಈ ಫೋನ್ ಒಪ್ಪಿಕೊಂಡ ಪಂದ್ಯಗಳಲ್ಲೇ.

ನಿವೃತ್ತಿ ಯಾವಾಗ ಅಂತ ಕೇಳಿದರೆ ನಾನು ವಯಸ್ಸು ಹೇಳುವುದಿಲ್ಲ. ಬ್ರಿಟನ್‌ನ ನಿಕೋಲಾ ಆಡಮ್ಸ್ ಎರಡು ಒಲಿಂಪಿಕ್ ಚಿನ್ನ ಗೆದ್ದವರು, ವೃತ್ತಿಪರರಾಗಿ ಒಮ್ಮೆಯೂ ಸೋಲದವರು. 2019ರಲ್ಲಿ ಕಣ್ಣಿಗೆ ಆದ ಗಾಯದಿಂದ ದೃಷ್ಟಿಗೇ ಅಪಾಯ ಎಂದು ಗೊತ್ತಾದಾಗ ನಿಲ್ಲಿಸಿದರು. ಅವರ ಕಣ್ಣು ಪರೀಕ್ಷಿಸಿದ್ದರಿಂದ ತಾನೇ ಅದು ಗೊತ್ತಾಗಿದ್ದು? ವೃತ್ತಿಗೆ ಇಳಿಯುವ ಮೊದಲೇ ಮೆದುಳಿನ ಎಂಆರ್‌ಐ, ಕಣ್ಣಿನ ಪರೀಕ್ಷೆ, ನೆನಪಿನ ಶಕ್ತಿಯ ಪರೀಕ್ಷೆ ಮಾಡಿಸಿಟ್ಟುಕೊಳ್ಳಿ. ಮುಂದೆ ಹೋಲಿಸಿ ನೋಡಲು ಅದೇ ಆಧಾರ. ಜೊತೆಗೆ ಒಂದು ನೋಟ್‌ಬುಕ್ ಇಡಿ. ಯಾವ ದಿನ ಎಷ್ಟು ರೌಂಡ್ ಸ್ಪಾರಿಂಗ್, ಯಾರ ಜೊತೆ, ಅವರ ತೂಕ ಎಷ್ಟು, ತಲೆ ದಿಮ್ಮೆಂದಿತಾ, ಮುಟ್ಟಿನ ತಾರೀಕು, ಇಷ್ಟು ಸಾಕು. ಕೋಚ್ ಕೇಳದಿದ್ದರೂ ಪರೀಕ್ಷೆಗೆ ಬರುವಾಗ ಅದನ್ನು ತನ್ನಿ. ವಿಶ್ವ ಪಟ್ಟದ ಪಂದ್ಯಕ್ಕೆ ಬಂದರೂ ನಾನು ಮೊದಲು ಬಿಡಿಸುವುದು ಅದರ ಕಡೆಯ ಮೂರು ವಾರದ ಪುಟಗಳನ್ನು.