ಅಪ್ಪ ಅಮ್ಮನ್ನ ನೋಡೋಕೆ ಹೋದಾಗ ಎದುರಿಗೆ ಕೂರ್ಬೇಡಿ, ಹೊರಗೆ ಕರ್ಕೊಂಡು ಹೋಗಿ

ಕೇರ್ ಹೋಮ್‌ಗಳಲ್ಲಿ ವಯಸ್ಸಾದವರಿಗೆ ಫಿಸಿಯೋಥೆರಪಿ ಮಾಡೋ ನನ್ನಂಥೋರ ಕಣ್ಣಿಗೆ ದಿನಾ ಬೀಳೋದು ಹೆಚ್ಚುಕಮ್ಮಿ ಒಂದೇ ಥರದ ಭೇಟಿ. ಮಗನೋ ಮಗಳೋ ಬರ್ತಾರೆ, ಕುರ್ಚಿ ಎಳ್ಕೊಂಡು ಮಂಚದ ಎದುರಿಗೆ ಕೂತ್ಕೋತಾರೆ, ಊಟ ಆಯ್ತಾ, ನಿದ್ದೆ ಬಂತಾ, ಮಾತ್ರೆ ತಗೊಂಡ್ಯಾ, ನಿನ್ನೆ ಯಾರು ಬಂದಿದ್ರು, ನಾನ್ಯಾರು ಹೇಳು ನೋಡೋಣ ಅಂತ ಒಂದಾದ ಮೇಲೊಂದು ಕೇಳ್ತಾ ಹೋಗ್ತಾರೆ, ಸ್ವಲ್ಪ ಹೊತ್ತಿಗೆ ಪ್ರಶ್ನೆಗಳೂ ಖಾಲಿ, ಆಮೇಲೆ ಇಬ್ರೂ ಸುಮ್ನೆ ಟಿವಿ ನೋಡ್ಕೊಂಡು ಕೂರ್ತಾರೆ. ಪ್ರೀತಿಗೇನೂ ಕೊರತೆ ಇರಲ್ಲ. ಆದ್ರೆ ಆ ಪ್ರಶ್ನೆಗಳು ಒಂದು ಸಲ ಗಮನಿಸಿ, ಎಲ್ಲದಕ್ಕೂ ನೆನಪು ಬೇಕು, ಆ ವಯಸ್ಸಲ್ಲಿ ಎಷ್ಟೋ ಜನಕ್ಕೆ ಕೈಕೊಡೋದೇ ನೆನಪು. ಉತ್ತರ ಬರದೇ ಇದ್ದಾಗ ಅವರಿಗೆ ಅವಮಾನ, ನಿಮಗೆ ಸಂಕಟ.

ಅದೇ ಹೊರಗೆ ಬಂದು ಮರದ ಕೊಂಬೆ ಮೇಲೆ ಕೂತಿರೋ ಕಾಗೆ ನೋಡೋಕೆ ನೆನಪು ಬೇಕಾಗಿಲ್ಲ. ಕಾಗೆ ಈಗ ಅಲ್ಲೇ ಇದೆ, ಇಬ್ರಿಗೂ ಕಾಣ್ತಿದೆ, ಅದು ಕಡ್ಡಿ ಎಳ್ಕೊಂಡು ಹೋಗ್ತಿದ್ರೆ ಅದರ ಬಗ್ಗೆ ಇಬ್ರೂ ಸಮಸಮವಾಗಿ ಮಾತಾಡ್ಬಹುದು.

ಅದಕ್ಕೇ ಬರೋ ಮನೆಯವರಿಗೆಲ್ಲ ನಾನು ಮೊದ್ಲು ಹೇಳೋದು, ನೀವು ದಿನಾ ವಾಕ್ ಮಾಡಿ ಅಂತ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ಚಟುವಟಿಕೆ ಹೇಳಿದೆ, ಅಪ್ಪ ಅಮ್ಮನ್ನ ನೋಡ್ಕೊಳ್ಳೋ ಮಕ್ಕಳಲ್ಲಿ ಎಷ್ಟೋ ಜನ ಅದ್ರಲ್ಲಿ ಅರ್ಧಾನೂ ಮಾಡಲ್ಲ, ಅವರಿಗೇ ಬೆನ್ನುನೋವು, ನಿದ್ದೆಗೇಡು. ನಡೀವಾಗ ಫೋನ್ ಜೇಬಲ್ಲಿಟ್ಟು ಯಾವುದಾದ್ರೂ ಒಂದನ್ನ ದಿನಾ ಗಮನಿಸಿ, ಒಂದು ಮರ, ಒಂದು ಗೂಡು, ಒಂದು ಇರುವೆ ಸಾಲು. ಆ ಮರದ ಎಲೆ ಪೂರ್ತಿ ಉದುರ್ತಮ್ಮ, ಈಗ ಕೆಂಪು ಚಿಗುರು ಬಂದಿದೆ ಅನ್ನೋ ಸುದ್ದಿ ತಗೊಂಡು ಹೋದ್ರೆ ಮಾತು ತಾನಾಗೇ ಶುರುವಾಗುತ್ತೆ, ಉದುರಿರೋ ಎಲೆ ಒಂದನ್ನ ಕೈಗೆ ಕೊಟ್ರಂತೂ ಇನ್ನೂ ಒಳ್ಳೇದು.

ಈಗ ಅವರನ್ನ ನಡೆಸೋ ವಿಷ್ಯ, ಇಲ್ಲಿ ನಾನು ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ಬಿದ್ದುಬಿಟ್ರೆ ಅನ್ನೋ ಭಯಕ್ಕೆ ಎಷ್ಟೋ ಮನೆಯವರು ಹೊರಗೆ ಕರ್ಕೊಂಡು ಹೋಗೋದೇ ಇಲ್ಲ. ಆದ್ರೆ ಮಲಗಿಸಿ ಇಡೋದ್ರಿಂದ ಆಗೋ ನಷ್ಟ ಕಮ್ಮಿ ಅಲ್ಲ. 2007ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಆರೋಗ್ಯವಾಗೇ ಇದ್ದ ಹಿರಿಯರನ್ನ 10 ದಿನ ಹಾಸಿಗೆಲೇ ಇಟ್ಟಿದ್ದಕ್ಕೆ ಕಾಲುಗಳಿಂದಷ್ಟೇ ಹತ್ರಹತ್ರ ಒಂದು ಕಿಲೋ ಸ್ನಾಯು ಕರಗಿತ್ತು. ಹೀಗೆ ಕರಗಿದ್ದನ್ನ ಆ ವಯಸ್ಸಲ್ಲಿ ವಾಪಸ್ ತರೋಕೆ ತಿಂಗಳುಗಟ್ಟಲೆ ಒದ್ದಾಡ್ಬೇಕು.

ಮಲಗಿದ್ದೋರನ್ನ ಸೀದಾ ಎಬ್ಬಿಸಿ ನಿಲ್ಲಿಸ್ಬೇಡಿ. ಮಂಚದ ಅಂಚಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರ್ಲಿ, ಪಾದ ಮೇಲೆ ಕೆಳಗೆ ಆಡಿಸ್ಲಿ, ಆಮೇಲೆ ಎದ್ದು ಏನಾದ್ರೂ ಹಿಡ್ಕೊಂಡು ಸ್ವಲ್ಪ ಹೊತ್ತು ನಿಲ್ಲಲಿ. ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನ ಬಿಪಿ 10 ಇಳಿದ್ರೆ ಅದನ್ನ ನಾವು ಸಮಸ್ಯೆ ಅಂತಾನೇ ಲೆಕ್ಕ ಹಾಕ್ತೀವಿ, ತಲೆ ತಿರುಗ್ತಿದೆ ಅಂದ್ರೆ ವಾಪಸ್ ಕೂರಿಸಿ ಡಾಕ್ಟರ್‌ಗೆ ಹೇಳಿ, ಮಾತ್ರೆಯಿಂದಲೂ ಹಾಗಾಗುತ್ತೆ. ಕಾಲಿಗೆ ಹಿಮ್ಮಡಿ ಮುಚ್ಚೋ, ಜಾರದ ಶೂ ಇರ್ಲಿ, ಚಪ್ಪಲಿ ಬೇಡ. ನೀವು ಅವರ ಬಲ ಕಮ್ಮಿ ಇರೋ ಪಕ್ಕದಲ್ಲಿ ಅರ್ಧ ಹೆಜ್ಜೆ ಹಿಂದೆ ನಡೀರಿ, ಕೈ ಹಿಡಿದು ಮುಂದಕ್ಕೆ ಎಳೀಬೇಡಿ.

ನಡೀತಾ ನಡೀತಾ ಮಾತಾಡಿಸ್ಬೇಡಿ, ಇದು ತುಂಬಾ ಮುಖ್ಯ. ಸ್ವೀಡನ್‌ನ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನ ನಮ್ಮ ಫೀಲ್ಡಲ್ಲಿ ಎಲ್ರಿಗೂ ಗೊತ್ತು. ಆರೈಕೆ ವಸತಿಲಿದ್ದ 58 ಜನ ಹಿರಿಯರ ಜೊತೆ ನಡೀತಾ ಮಾತು ಶುರು ಮಾಡಿದ್ರು, ಅವರಲ್ಲಿ 12 ಜನ ಉತ್ತರ ಕೊಡೋಕೆ ನಡಿಗೆ ನಿಲ್ಲಿಸಿಬಿಟ್ರು, ಆ 12ರಲ್ಲಿ 10 ಜನ ಮುಂದಿನ ಆರು ತಿಂಗಳೊಳಗೆ ಬಿದ್ದಿದ್ರು. ನಡಿಗೆಗೇ ಪೂರ್ತಿ ಗಮನ ಬೇಕಾಗಿರೋರಿಗೆ ಮಾತಿಗೆ ಕೊಡೋಕೆ ಗಮನ ಉಳಿದಿರಲ್ಲ. ಅದಕ್ಕೇ ಪ್ರಕೃತಿ ನೋಡೋದು ಇವರಿಗೆ ಅಷ್ಟು ಚೆನ್ನಾಗಿ ಹೊಂದುತ್ತೆ: ನಾಲ್ಕು ಹೆಜ್ಜೆ ಸುಮ್ನೆ ನಡೀರಿ, ನಿಂತ್ಕೊಳ್ಳಿ, ನೋಡಿ, ಮಾತಾಡಿ, ಮತ್ತೆ ನಡೀರಿ. ಸುಸ್ತಾಯ್ತು ಅಂತ ಒಪ್ಪಿಕೊಳ್ದೇ ರೆಸ್ಟ್ ಸಿಗುತ್ತೆ. ಅಭಿಮಾನ ಇರೋ ಅಪ್ಪಂದಿರಿಗೆ ಇದು ದೊಡ್ಡ ವಿಷ್ಯ, ನಾನು ಇದನ್ನ ಹಗುರವಾಗಿ ಹೇಳ್ತಿಲ್ಲ.

ಏನು ತೋರ್ಸ್ಬೇಕು ಅನ್ನೋದನ್ನೂ ಯೋಚ್ನೆ ಮಾಡಿ. ವಯಸ್ಸಾದಂತೆ ಮೊದ್ಲು ಹೋಗೋದು ತೀಕ್ಷ್ಣವಾದ, ತೆಳು ದನಿ ಕೇಳೋ ಶಕ್ತಿ. ಸಣ್ಣ ಹಕ್ಕಿ ಚಿಂವ್ ಚಿಂವ್ ಅಂತಿರೋದು ನಿಮಗೆ ಕೇಳ್ತಿದ್ರೂ ಅಮ್ಮನಿಗೆ ಅಲ್ಲಿ ಬರೀ ಮೌನ, ಕೇಳಿಸ್ತಾ ಕೇಳಿಸ್ತಾ ಅಂತ ಪೀಡಿಸ್ಬೇಡಿ. ಕಾಗೆ, ಪಾರಿವಾಳ, ಗೂಬೆ ದನಿ ದಪ್ಪ, ಅವು ಎಷ್ಟೋ ಜನಕ್ಕೆ ಕೊನೇತನಕ ಕೇಳುತ್ತೆ. ಕಣ್ಣಿನ ಲೆನ್ಸ್ ವಯಸ್ಸಿಗೆ ಹಳದಿ ತಿರುಗೋದ್ರಿಂದ ನೀಲಿ, ನೇರಳೆ ಮಂಕಾಗಿ ಕಾಣುತ್ತೆ, ಕೆಂಪು ಹಳದಿ ಹೂವು ಎದ್ದು ಕಾಣುತ್ತೆ. ಕಣ್ಣಿನ ಮಧ್ಯಭಾಗದ ದೃಷ್ಟಿ ಹೋಗಿರೋರಿಗೆ ಎಲೆ ಮರೇಲಿ ಅಲ್ಲಾಡದೇ ಕೂತಿರೋ ಹಕ್ಕಿ ಹುಡುಕೋದು ಹಿಂಸೆ, ಆಕಾಶದಲ್ಲಿ ಹಾರ್ತಿರೋ ಗುಂಪು ಕಾಣೋ ಸಾಧ್ಯತೆ ಜಾಸ್ತಿ. ಏನೂ ಕಾಣಲ್ಲ ಅಂದ್ರೆ ಮರದ ತೊಗಟೆ ಮುಟ್ಟಿಸಿ, ಎಲೆ ಹಿಸುಕಿ ವಾಸನೆ ತೋರಿಸಿ.

ಆದಷ್ಟು ಬೆಳಗ್ಗೆ ಕರ್ಕೊಂಡು ಹೋಗಿ. ರೂಮಲ್ಲಿ ಬೆಳಕು ಕೆಲವು ನೂರು ಲಕ್ಸ್ (ಬೆಳಕು ಅಳೆಯೋ ಲೆಕ್ಕ) ಇದ್ರೆ ಹೆಚ್ಚು, ಹೊರಗೆ ಮೋಡ ಇದ್ರೂ ಸಾವಿರಗಟ್ಟಲೆ ಇರುತ್ತೆ, ದೇಹದ ಗಡಿಯಾರ ಸರಿ ಇರೋಕೆ ಆ ಬೆಳಕು ಬೇಕು. ವೀಲ್‌ಚೇರ್ ಆದ್ರೆ ಇಳಿಜಾರಲ್ಲಿ ನೀವು ಹಿಮ್ಮುಖವಾಗಿ ಇಳೀರಿ, ನಿಲ್ಲಿಸಿದ ತಕ್ಷಣ ಬ್ರೇಕ್ ಹಾಕಿ, ಪಕ್ಕದಲ್ಲಿ ಅವರ ಎತ್ತರಕ್ಕೆ ಕೂತ್ಕೊಂಡು ಅವರು ನೋಡ್ತಿರೋದನ್ನೇ ನೀವೂ ನೋಡಿ.

ಹಾಸಿಗೆ ಬಿಟ್ಟು ಏಳೋಕಾಗದೇ ಇರೋರಿಗೆ ಕಿಟಕಿ ಪಕ್ಕದ ಜಾಗ ಕೇಳಿ, ಸಂಕೋಚ ಪಡ್ಬೇಡಿ. ರೋಜರ್ ಉಲ್ರಿಚ್ ಅನ್ನೋ ಸಂಶೋಧಕರು 1984ರಲ್ಲಿ ಪಿತ್ತಕೋಶದ ಆಪರೇಷನ್ ಆದವರ ದಾಖಲೆ ಹೋಲಿಸಿ ನೋಡಿದ್ರು, ಕಿಟಕಿಯಿಂದ ಮರ ಕಾಣ್ತಿದ್ದೋರು ಇಟ್ಟಿಗೆ ಗೋಡೆ ಕಾಣ್ತಿದ್ದೋರಿಗಿಂತ ಬೇಗ ಮನೆಗೆ ಹೋಗಿದ್ರು, ಸ್ಟ್ರಾಂಗ್ ನೋವಿನ ಮದ್ದು ಕಮ್ಮಿ ತಗೊಂಡಿದ್ರು.

ಮರೆವಿನ ಕಾಯಿಲೆ ಇರೋರ ಮಕ್ಕಳು ಯಾವಾಗ್ಲೂ ಕೇಳ್ತಾರೆ, ನಾನು ಬಂದಿದ್ದೇ ನೆನಪಿರಲ್ಲ, ಬಂದು ಏನು ಪ್ರಯೋಜನ ಅಂತ. ಆಲ್ಜೈಮರ್ಸ್ ಇರೋರಿಗೆ ಖುಷಿಯ, ದುಃಖದ ವಿಡಿಯೋ ತೋರಿಸಿ ಮಾಡಿದ ಅಧ್ಯಯನ 2014ರಲ್ಲಿ ಬಂತು, ನೋಡಿದ್ದನ್ನ ಹೆಚ್ಚುಕಮ್ಮಿ ಮರೆತಿದ್ರೂ ಆ ಭಾವನೆ ಮಾತ್ರ ಅವರಲ್ಲಿ ಇನ್ನೂ ಉಳಿದಿತ್ತು. ನೀವು ಹೋದ್ಮೇಲೆ ಅಮ್ಮ ಸಮಾಧಾನವಾಗಿ ಕೂತಿರೋದನ್ನ ನೋಡೋದು ನಾವು, ನೀವಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದೀನಿ.

ಇನ್ನೊಂದು. ಜೊತೆಗೆ ನಡೆಯೋರಿಗೇ ನಡಿಗೆಲಿ ಆಗೋ ಬದಲಾವಣೆ ಮೊದ್ಲು ಗೊತ್ತಾಗೋದು. ಹೋದ ವಾರ ಗೇಟ್ ತನಕ ಬಂದೋರು ಇವತ್ತು ಬಾಗಿಲು ದಾಟೋಕೆ ಒದ್ದಾಡ್ತಿದ್ರೆ, ಇಲ್ಲಾ ಇದ್ದಕ್ಕಿದ್ದಂತೆ ಗೊಂದಲ, ತೂಕಡಿಕೆ ಕಂಡ್ರೆ, ವಯಸ್ಸಾಯ್ತು ಅಂತ ಬಿಡ್ಬೇಡಿ. ಎರಡೇ ದಿನಕ್ಕೆ ಯಾರಿಗೂ ಅಷ್ಟು ವಯಸ್ಸಾಗಲ್ಲ. ಮೂತ್ರದ ಸೋಂಕಿರಬಹುದು, ನ್ಯುಮೋನಿಯಾ ಇರಬಹುದು, ಹೊಸ ಮಾತ್ರೆ ಇರಬಹುದು, ನೀರು ಕಮ್ಮಿ ಕುಡಿದಿರಬಹುದು, ವಯಸ್ಸಾದೋರಿಗೆ ಎಷ್ಟೋ ಸಲ ಜ್ವರವೇ ಕಾಣಿಸಲ್ಲ. ಡ್ಯೂಟಿಲಿರೋ ನರ್ಸ್‌ಗೆ ಹೇಳಿ, ಅವತ್ತೇ ಡಾಕ್ಟರ್ ನೋಡೋ ಥರ ಮಾಡಿ.