ಮುಚ್ಚಳದ ಲೆಕ್ಕ ಬಿಡಿ

ಪ್ರಶ್ನೆ: ನೆಲ ಒರೆಸುವ ಲಿಕ್ವಿಡ್ ಬಾಟಲಿ ಮೇಲೆ 1:50 ಅಂತ ಬರೆದಿದೆ. ಅರ್ಧ ಬಕೆಟ್ ನೀರಿಗೆ ಎಷ್ಟು ಮುಚ್ಚಳ ಹಾಕಬೇಕು? ಸ್ವಲ್ಪ ಜಾಸ್ತಿ ಹಾಕಿದರೆ ಒಳ್ಳೆಯದೇ ಅಲ್ವಾ?

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಇದೇ ಪ್ರಶ್ನೆ ಬರುತ್ತದೆ. ಮೊದಲರ್ಧ ಸುಲಭ. 1:50 ಅಂದರೆ ಒಂದು ಭಾಗ ಲಿಕ್ವಿಡ್, ಐವತ್ತು ಭಾಗ ನೀರು. ಚಮಚದಲ್ಲಿ ಅಳೆಯಿರಿ, ಲೋಟದಲ್ಲಿ ಅಳೆಯಿರಿ, ಎರಡಕ್ಕೂ ಒಂದೇ ಅಳತೆ ಇದ್ದರೆ ಸಾಕು. 5 ಲೀಟರ್ ನೀರಿಗೆ 100 ಮಿ.ಲೀ. ಆಯಿತು.

ಮುಚ್ಚಳವನ್ನು ಮಾತ್ರ ನಂಬಬೇಡಿ. ಒಂದೊಂದು ಬಾಟಲಿಗೆ ಒಂದೊಂದು ಗಾತ್ರದ ಮುಚ್ಚಳ. ಕೆಮ್ಮಿನ ಸಿರಪ್ ಜೊತೆ ಗೆರೆ ಇರುವ ಪುಟ್ಟ ಕಪ್ ಬರುತ್ತದಲ್ಲ, ಹಳೆಯದೊಂದನ್ನು ಇದಕ್ಕೇ ಅಂತ ಎತ್ತಿಡಿ. ಮತ್ತೆ ಅದರಲ್ಲಿ ಯಾರಿಗೂ ಔಷಧಿ ಕೊಡಬೇಡಿ. ಬಕೆಟಿಗೆ ಲೀಟರ್ ಬಾಟಲಿಯಿಂದ ಐದು ಸಲ ನೀರು ಸುರಿದು, ನೀರು ನಿಂತ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಎಳೆಯಿರಿ. ಒಮ್ಮೆ ಮಾಡಿದರೆ ಮುಗಿಯಿತು.

ಇನ್ನು ಆ "ಸ್ವಲ್ಪ ಜಾಸ್ತಿ". ಖಂಡಿತ ಒಳ್ಳೆಯದಲ್ಲ. ಇದನ್ನು ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುತ್ತೇನೆ.

ಲಿಕ್ವಿಡ್ಡಿನಲ್ಲಿ ಸೋಪಿನಂಥ ಪದಾರ್ಥ ಇರುತ್ತದೆ. ಕೊಳೆಯನ್ನು ಹಿಡಿದುಕೊಂಡು ನೀರಿನ ಜೊತೆ ಹೊರಗೆ ಬರುವುದು ಅದರ ಕೆಲಸ. ಜಾಸ್ತಿ ಹಾಕಿದರೆ ಆ ಸೋಪೇ ನೆಲದ ಮೇಲೆ ಉಳಿದು ಒಣಗುತ್ತದೆ. ಬೆಳಿಗ್ಗೆ ಒರೆಸಿದ ವಿಟ್ರಿಫೈಡ್ ಟೈಲ್ಸ್ ಮೇಲೆ ಮಧ್ಯಾಹ್ನ ಬರಿಗಾಲಲ್ಲಿ ನಡೆದು ನೋಡಿ. ಕಾಲು ಅಂಟುತ್ತದೆ. ಕಿಟಕಿಯ ಬೆಳಕಿಗೆ ಬಗ್ಗಿ ನೋಡಿದರೆ ಹೆಜ್ಜೆ ಗುರುತು, ಬಿಳಿ ಗೆರೆ. ಆ ಅಂಟಿಗೆ ಧೂಳು ಹಿಡಿಯುತ್ತದೆ. ನೆಲ ಬೇಗ ಕೊಳೆಯಾಯಿತು ಅಂತ ಮರುದಿನ ಇನ್ನೊಂದು ಮುಚ್ಚಳ ಸೇರಿಸುತ್ತೀರಿ!

"ಆದರೆ ಘಮ ಬರುತ್ತದಲ್ಲ" ಅನ್ನುತ್ತಾರೆ. ಘಮ ಸೆಂಟಿನದ್ದು. ಕೊಳೆ ಹೋಯಿತು ಅನ್ನುವುದಕ್ಕೆ ಅದು ಸಾಕ್ಷಿಯಲ್ಲ.

"ಗಟ್ಟಿಯಾಗಿದ್ದರೆ ಕ್ರಿಮಿ ಸಾಯುತ್ತವೆ" ಅನ್ನುವವರು ಸ್ಯಾನಿಟೈಸರ್ ನೆನಪಿಸಿಕೊಳ್ಳಿ. 99% ಆಲ್ಕೋಹಾಲಿಗಿಂತ 70% ಇರುವುದೇ ಚೆನ್ನಾಗಿ ಕೆಲಸ ಮಾಡುತ್ತದೆ. ಆಲ್ಕೋಹಾಲ್ ಕ್ರಿಮಿಯ ಪ್ರೋಟೀನ್ ಕೆಡಿಸಬೇಕಾದರೆ ನೀರು ಬೇಕು. ನೀರಿದ್ದರೆ ಬೇಗ ಆರಿಯೂ ಹೋಗುವುದಿಲ್ಲ. ಕ್ರಿಮಿ ಸಾಯಲು ಸಮಯ ಕೊಡಬೇಕು. ಎಷ್ಟು ನಿಮಿಷ ಒದ್ದೆಯಾಗಿ ಬಿಡಬೇಕು ಅಂತ ಲೇಬಲ್ಲಿನಲ್ಲಿ ಇರುತ್ತದೆ. ನಾವು ಹಾಕಿದ ತಕ್ಷಣ ಫ್ಯಾನ್ ತಿರುಗಿಸಿ ಒಣಗಿಸುತ್ತೇವೆ. ಆಮೇಲೆ ಲಿಕ್ವಿಡ್ ಸ್ಟ್ರಾಂಗ್ ಇಲ್ಲ ಅಂತ ದೂರು.

ಯಾರೂ ಕೇಳದಿದ್ದರೂ ಇನ್ನೊಂದು ಮಾತು. ವಾರಕ್ಕಾಗುವಷ್ಟು ಒಟ್ಟಿಗೆ ಕಲಸಿಡಬಹುದಾ? ಬ್ಲೀಚ್ ಆದರೆ ಬೇಡವೇ ಬೇಡ. 5% ಬ್ಲೀಚನ್ನು 0.5% ಮಾಡಲು ಒಂದು ಭಾಗ ಬ್ಲೀಚಿಗೆ ಒಂಬತ್ತು ಭಾಗ ನೀರು. ಹತ್ತಲ್ಲ, ಒಂಬತ್ತು, ಎರಡೂ ಸೇರಿ ಹತ್ತಾಗಬೇಕು. ನೀರು ಬೆರೆಸಿದ ಮೇಲೆ ಬಿಸಿಲು, ಸೆಕೆಗೆ ಅದರ ಶಕ್ತಿ ಇಳಿಯುತ್ತಾ ಹೋಗುತ್ತದೆ. ಆಯಾ ದಿನದ್ದು ಆಯಾ ದಿನವೇ ಮಾಡಿಕೊಳ್ಳಿ. ಟಾಯ್ಲೆಟ್ಟಿಗೆ ಹಾಕುವ ಆಸಿಡ್ ಜೊತೆ ಮಾತ್ರ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಗ್ಯಾಸ್ ಬರುತ್ತದೆ, ಬಾಗಿಲು ಹಾಕಿದ ಬಾತ್‌ರೂಮಿನಲ್ಲಿ ಜೀವಕ್ಕೇ ಅಪಾಯ.

ಬೀದಿಯಲ್ಲಿ ಗಾಡಿಯವರು ಹಳೇ ನೀರಿನ ಬಾಟಲಿಗೆ ತುಂಬಿ ಕೊಡುವ ಫಿನಾಯಿಲಿಗೆ ನಾನು ಅನುಪಾತ ಹೇಳಲಾರೆ. ಒಳಗೆ ಎಷ್ಟು ಗಟ್ಟಿ ಇದೆ ಅಂತ ಲೇಬಲ್ ಇಲ್ಲದೆ ಗೊತ್ತಾಗುವುದಿಲ್ಲ. ಕೊಂಡೇ ಕೊಳ್ಳುವುದಾದರೆ, ಕುಡಿಯುವ ನೀರಿನ ಬಾಟಲಿಯಲ್ಲಿ ಮಾತ್ರ ತರಬೇಡಿ. ಮನೆಯಲ್ಲಿ ಮಕ್ಕಳಿರುತ್ತಾರೆ.